ತೊಂಬತ್ತೊಂದು ಅಂಕದ ಒಲವು

ಬೆಳಿಗ್ಗೆ ಹನ್ನೊಂದು ಗಂಟೆಗೆ ನೀಲಗಂಗಾ ಆ ದಿನದ ಏಳನೇ ಡಿಕ್ಕಿಯನ್ನು ನೋಡಿದಳು. ಗ್ರಂಥಾಲಯದ ಮೆಟ್ಟಿಲ ಮೇಲೆ ಹುಡುಗ ಇಳಿದು ಬಂದ, ಹುಡುಗಿ ಹತ್ತಿ ಬಂದಳು, ಭುಜಕ್ಕೆ ಭುಜ ತಾಗಿತು, ಹುಡುಗಿಯ ಕೈಯಲ್ಲಿದ್ದ ಹಾಳೆಗಳೆಲ್ಲ ಹಾರಿದವು. ಇಬ್ಬರೂ ಬಗ್ಗಿ ಆರಿಸುವಾಗ ಹಣೆಗೆ ಹಣೆ ಬಡಿಯಿತು. "ಕಣ್ಣ ಕಾಣೂದಿಲ್ಲೇನು?" ಎಂದು ಹುಡುಗಿ ಸಿಡುಕಿದಳು. ಪರದೆಯ ಮೂಲೆಯಲ್ಲಿ ಅಂಕ ಹನ್ನೆರಡರಿಂದ ನಲವತ್ತಕ್ಕೆ ಜಿಗಿಯಿತು. ಪಕ್ಕದ ಮೇಜಿನವರು ಚಪ್ಪಾಳೆ ತಟ್ಟಿದರು. ನೀಲಗಂಗಾ ಮುಖ ತಿರುಗಿಸಿದಳು.

ಹುಬ್ಬಳ್ಳಿಯ ಹಳೆಯ ಜಿನ್ನಿಂಗ್ ಫ್ಯಾಕ್ಟರಿಯೊಂದರ ಕಟ್ಟಡದಲ್ಲಿ 'ಕಾಕತಾಳ' ಎಂಬ ಕಂಪನಿ ಬಂದು ಕೂತು ಆರು ವರ್ಷವಾಗಿತ್ತು. ಮೊದಲು ಅಲ್ಲಿ ಹತ್ತಿಯಿಂದ ಬೀಜ ಬೇರೆ ಮಾಡುತ್ತಿದ್ದರು, ಈಗ ಹುಡುಗರನ್ನೂ ಹುಡುಗಿಯರನ್ನೂ ಒಂದು ಮಾಡುತ್ತಿದ್ದರು. ಎಲ್ಲರ ಮಣಿಕಟ್ಟಿನಲ್ಲೂ ಒಂದು ಕೈಪಟ್ಟಿ. ಬಸ್ಸಿನ ಟಿಕೆಟ್ಟೂ ಅದೇ, ಕಚೇರಿಯ ಹಾಜರಿಯೂ ಅದೇ, ಅದಿಲ್ಲದೆ ಮನೆಯಿಂದ ಹೊರಗೆ ಕಾಲಿಡುವ ಹಾಗಿರಲಿಲ್ಲ. ಅದು ನಾಡಿ, ಬೆವರು, ಚರ್ಮದ ಬಿಸಿ ಅಳೆದು ಕಾಕತಾಳಕ್ಕೆ ಕಳಿಸುತ್ತಿತ್ತು. ಅಲ್ಲಿನ ಯಂತ್ರ ಲೆಕ್ಕ ಹಾಕಿ, ಎದುರಿಗಿರುವವನ ಮೇಲೆ ಈಕೆಗೆ ಒಲವೆಷ್ಟು ಎಂದು ನೂರಕ್ಕೆ ಇಷ್ಟು ಅಂಕ ಕೊಡುತ್ತಿತ್ತು. ಹುಡುಗಿಯ ಹೆಸರು ಬರೆಸಿದ ಗಿರಾಕಿಗೆ ಮುಂದಿನದೆಲ್ಲ ಕಂಪನಿಯದೇ ಏರ್ಪಾಡು. ಡಿಕ್ಕಿ ಹೊಡೆಸುವುದು, ಜಗಳ ತೆಗೆಸುವುದು, ಮತ್ತೆ ಮತ್ತೆ ಎದುರಾಗಿಸುವುದು, ಒಂದು ಅಪಾರ್ಥ, ಒಂದು ಅಗಲಿಕೆ, ಕೊನೆಗೆ ಊರು ಬಿಟ್ಟು ಹೊರಟವಳ ಹಿಂದೆ ಓಡಿಹೋಗಿ ಅಪ್ಪಿಕೊಳ್ಳುವುದು. ಥೇಟ್ ಸಿನಿಮಾ.

ಊರು ಇದಕ್ಕೆ ಎಷ್ಟು ಒಗ್ಗಿಹೋಗಿತ್ತೆಂದರೆ ಕನ್ಯೆ ನೋಡುವ ಶಾಸ್ತ್ರವೆಂದರೆ ಜನ ಮೂಗು ಮುರಿಯುತ್ತಿದ್ದರು. ಅವಲಕ್ಕಿ, ಚಹಾ ಕೊಟ್ಟು ಗೊತ್ತು ಮಾಡಿಕೊಂಡವರು ಅದನ್ನು ಮುಚ್ಚಿಟ್ಟು, ಬಸ್ಸಿನಲ್ಲಿ ಜಗಳವಾಗಿ ಪ್ರೀತಿ ಹುಟ್ಟಿತೆಂದು ಬೀಗರ ಮುಂದೆ ಸುಳ್ಳು ಹೇಳುತ್ತಿದ್ದರು.

ನೀಲಗಂಗಾ ಅಲ್ಲಿ ಮೇಲ್ವಿಚಾರಕಿ. ಗಿರಾಕಿಯ ಹೆಸರಾಗಲಿ ಹುಡುಗಿಯ ಹೆಸರಾಗಲಿ ಅವಳಿಗೆ ಕಾಣುತ್ತಿರಲಿಲ್ಲ, ಬರೀ ನಂಬರು. ಬೀದಿಯಲ್ಲಿ ನಡೆದದ್ದರ ಚಿತ್ರ ಬರುತ್ತಿತ್ತು, ಅಂಗಡಿ ಮನೆಗಳ ಒಳಗಿನದಾದರೆ ಅಂಕ ಮಾತ್ರ. ಯಂತ್ರ ಮುಂದಿನ ಹೆಜ್ಜೆ ಸೂಚಿಸುವುದು, ಅವಳು ಓದಿ 'ಮುಂದುವರಿಸಿ' ಎಂದು ಒತ್ತುವುದು. ಆ ವರ್ಷ ಎಲ್ಲರ ಬಾಯಲ್ಲೂ 4417ರದೇ ಮಾತು. ಹುಡುಗಿಯ ಅಂಕ ತೊಂಬತ್ತೊಂದಕ್ಕೆ ಮುಟ್ಟಿತ್ತು, ಅಷ್ಟು ಯಾರಿಗೂ ಬಂದಿರಲಿಲ್ಲ. 'ಗಿರಾಕಿ ವಾರಕ್ಕೊಮ್ಮೆ ಕನ್ನಡಕ ಮುರಿದುಕೊಂಡು ಹುಡುಗಿಯ ಅಂಗಡಿಗೆ ಹೋಗಲಿ' ಎಂದು ಯಂತ್ರ ಸೂಚಿಸಿತ್ತು. ನೀಲಗಂಗಾ ವಾರವಾರವೂ ಮುಖ ಕಿವುಚಿಕೊಂಡೇ ಒತ್ತಿದ್ದಳು. ಊರಲ್ಲಿ ಕನ್ನಡಕದ ಅಂಗಡಿ ಏನಿಲ್ಲವೆಂದರೂ ಇನ್ನೂರಿವೆ, ಯಾವುದೋ ಹುಡುಗಿ ಎಂದುಕೊಂಡಿದ್ದಳು.

ಆ ಸಂಜೆ ಅವಳು ಮನೆಗೆ ಬಂದಾಗ ಊಟದ ತಾಟು ಹಾಗೇ ಇತ್ತು. ತಂಗಿ ಕಸ್ತೂರಿ ಬಚ್ಚಲಲ್ಲಿ ವಾಂತಿ ಮಾಡಿಕೊಳ್ಳುತ್ತಿದ್ದಳು. ನೀಲಗಂಗಾಳ ಗಂಡ ಮಹಾಂತೇಶ ಬಾಗಿಲ ಹೊರಗೆ ನೀರಿನ ತಂಬಿಗೆ ಹಿಡಿದು ನಿಂತಿದ್ದ. ರೈಲ್ವೆ ವರ್ಕ್‌ಶಾಪಿನ ಫಿಟ್ಟರ್ ಅವನು, ಮಾತು ಕಡಿಮೆ. ಗಂಡ ಹೆಂಡತಿಯ ಅಂಕ ಒಂಬತ್ತು ಎಂದು ಓಣಿಯವರು ಆಡಿಕೊಂಡು ನಗುತ್ತಿದ್ದರು.

"ಏನಾತು?" ಎಂದಳು ನೀಲಗಂಗಾ.

ಉತ್ತರ ಕೊಟ್ಟವಳು ಅವ್ವ. ಅವಳ ಮುಖದಲ್ಲಿ ಹಬ್ಬ. "ಏನೂ ಆಗಿಲ್ಲ. ಟೈಲ್ಸ್ ಅಂಗಡಿ ಮುಧೋಳಕರ ಮಗಾ ಚಿದಾನಂದ ಇವತ್ತೂ ಬಂದಿದ್ದನಂತ. ಹನ್ನೊಂದನೇ ಸಲ ಕನ್ನಡಕ ಮುರಕೊಂಡು ಬಂದಾನಂದ್ರ ಅದೇನ್ ಸಾಮಾನ್ಯ ಪ್ರೀತಿ ಏನು? ಈಕಿ ನೋಡಿದ್ರ ಹಟಾ ಮಾಡಾಕತ್ತಾಳ."

ನೀಲಗಂಗಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಕನ್ನಡಕ, ಹನ್ನೊಂದು ಸಲ. ಕಸ್ತೂರಿ ಅಂಥದೇ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು.

ಬಚ್ಚಲಿಂದ ಹೊರಬಂದ ಕಸ್ತೂರಿ ತಾಯಿಯನ್ನು ನೋಡಲಿಲ್ಲ, ಅಕ್ಕನನ್ನೇ ನೋಡಿದಳು. "ಅಕ್ಕಾ, ಕಣ್ಣು ತೋರಸಾಕ ಕೂತಾಂವ ನನ್ನ ಕೈ ಹಿಡಕೊಂಡ. ಬಿಡ್ರಿ ಅಂದೆ. 'ಬ್ಯಾಡ ಅನ್ನೂದು ಮೊದಲನೇ ಅರ್ಧ, ನಾ ಎರಡನೇ ಅರ್ಧಕ್ಕ ಕಾಯ್ತೇನಿ' ಅಂದ. ಅಂದು ನಕ್ಕ."

"ಪೊಲೀಸರಿಗೆ ಹೇಳೂಣು ನಡಿ," ಎಂದ ಮಹಾಂತೇಶ.

"ಹೋಗಿದ್ದೆ ಮಾಮಾ. ಕೈ ತೋರಸು ಅಂದ್ರು, ಪಟ್ಟಿ ನೋಡಿದ್ರು. 'ತೊಂಬತ್ತೊಂದು ಅದಾವಲ್ಲವಾ, ನಿಂಗ ಅವನ ಮ್ಯಾಲ ಜೀವ ಐತಿ, ನಿನಗ ಗೊತ್ತಿಲ್ಲ ಅಷ್ಟ' ಅಂದು ಚಾ ಕುಡಿಸಿ ಕಳಸಿದ್ರು." ಅವಳು ಸೀರೆಯ ಸೆರಗಿನಿಂದ ಮಣಿಕಟ್ಟನ್ನು ಉಜ್ಜಿ ಉಜ್ಜಿ ಕೆಂಪು ಮಾಡಿಕೊಂಡಿದ್ದಳು. "ಅಂವ ಬಾಗಲದಾಗ ಕಂಡ್ರ ನನ್ನ ಎದಿ ಡಬ ಡಬ ಹೊಡಕೊಳ್ತೈತಿ, ಕೈ ತಣ್ಣಗಾಗ್ತಾವ. ಈ ಪಟ್ಟಿ ಅದನ್ನ ಪ್ರೀತಿ ಅಂತೈತಿ. ನನ್ನ ಮೈಯೇ ನನ್ನ ಮ್ಯಾಲ ಚಾಡಿ ಹೇಳಿದಂಗ ಆಗೈತಿ, ಅಕ್ಕಾ. ಈ ಮೈ ಮ್ಯಾಲ ನನಗ ಹೇಸಿಗಿ ಬಂದೈತಿ."

"ಎಲ್ಲಾರೂ ಮೊದಲ ಹಂಗ ಅಂತಾರ," ಎಂದಳು ಅವ್ವ.

"ಅವ್ವಾ, ಬಾಯಿ ಮುಚ್ಚು!" ನೀಲಗಂಗಾ ಹುಟ್ಟಿದಾಗಿನಿಂದ ತಾಯಿಗೆ ಹಾಗೆ ಅಂದಿರಲಿಲ್ಲ. ಆದರೆ ಆ ಸಿಟ್ಟು ತಾಯಿಯ ಮೇಲಿನದಲ್ಲ. ಆ 'ಮುಂದುವರಿಸಿ'ಯನ್ನು ಹನ್ನೊಂದು ಸಲ ಒತ್ತಿದ್ದು ಅವಳದೇ ಬೆರಳು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರಲ್ಲ, ಇಲ್ಲಿ ಬೆಕ್ಕಿಗೆ ದಾರಿ ತೋರಿಸಿದವಳು ಇಲಿಯ ಅಕ್ಕ.

ಮರುದಿನ ಅವಳು ನೇರವಾಗಿ ಕಟ್ಟಿಯವರ ಕೋಣೆಗೆ ನಡೆದಳು. ಶ್ರೀಪಾದ ಕಟ್ಟಿ ವೈದ್ಯಕೀಯ ಕಾಲೇಜಿನಲ್ಲಿ ಶರೀರಶಾಸ್ತ್ರ ಕಲಿಸಿ ನಿವೃತ್ತರಾದವರು. ಅಂಕ ಹಾಕುವ ಯಂತ್ರವನ್ನು ಕಟ್ಟಿದ್ದೇ ಅವರು.

"ಸರ್, ಅಂಜಿದಾಗ ಎದಿ ಬಡಕೊಳ್ಳೂದಿಲ್ಲೇನ್ರಿ?"

ಕಟ್ಟಿ ಚಹಾದ ಬಸಿ ಕೆಳಗಿಟ್ಟರು. "ಬಡಕೋತದ್ರಿ. ಅಂಗೈ ಬೆವರತದ, ಬೆರಳ ತುದಿ ತಣ್ಣಗಾಗತದ. ಪ್ರೀತಿಗೂ ಅದ, ಅಂಜಿಕೀಗೂ ಅದ, ಸಿಟ್ಟಿಗೂ ಅದ. ಯಾವುದರದು ಅಂತ ಮೈ ಹೇಳೂದಿಲ್ಲ."

"ಮತ್ತ ಯಂತ್ರಕ್ಕ ಹೆಂಗ ಗೊತ್ತಾಗತದ?"

"ಸಿನಿಮಾ ತೋರಿಸಿ ಕಲಿಸೀವಲ್ಲ. ನಾಕು ಸಾವಿರ ಸಿನಿಮಾ. ನಾಯಕಿ ಉಸಿರು, ದನಿ, ಮುಖದ ಬಣ್ಣ ನೋಡಿ ನಾಡಿ ಅಂದಾಜು ಮಾಡೂದು. ಹಿಂಗ ಆದಾಗ ಮುಂದ ಏನಾತು ಅಂತ ನೋಡೂದು. ಜಗಳಾಡಿದ್ಲು, ಮುಂದ ಮದುವಿ ಆತು. ಕಪಾಳಕ್ಕ ಹೊಡದ್ಲು, ಮದುವಿ ಆತು. ಅತ್ತಳು, ಮದುವಿ ಆತು. ಹಂಗಾಗಿ ಎದಿ ಬಡಕೊಂಡ್ರ ಮದುವಿ ಅಂತ ಕಲತದ."

"ಯಾವ ಸಿನಿಮಾ ಹಾಕಿದ್ರಿ ಸರ್?"

"ಓಡಿದ್ದು. ನೂರು ದಿನ ಓಡಿದ್ದು. ಓಡಲಾರದ್ದನ್ನ ತೋರಿಸಿ ಏನ್ ಮಾಡೂದು?"

"ಆ ನಾಕು ಸಾವಿರದಾಗ ಒಬ್ಬಾಕಿ ಅರ ಕಡೀತನಕ ಬ್ಯಾಡ ಅಂದಾಕಿ ಇದ್ದಳೇನ್ರಿ?"

"ಇರಲಿಲ್ಲ," ಎಂದರು ಕಟ್ಟಿ.

ಇಷ್ಟೇ ಕಥೆ. ಊರಿಗೆ ಊರನ್ನೇ ಕುಣಿಸುವ ಯಂತ್ರ ತನ್ನ ಜನ್ಮದಲ್ಲಿ ಒಲ್ಲೆ ಎಂದು ಕೊನೆಯವರೆಗೂ ಆ ಮಾತಿಗೇ ನಿಂತ ಒಬ್ಬ ಹೆಣ್ಣುಮಗಳನ್ನೂ ಕಂಡಿರಲಿಲ್ಲ. ಪಾಠಕ್ಕೆ ಸಿನಿಮಾ ಆರಿಸಿದ ಜಾಣರು ಗಲ್ಲಾಪೆಟ್ಟಿಗೆ ನೋಡಿ ಆರಿಸಿದ್ದರು. ಅದಕ್ಕೆ ವಿಜ್ಞಾನ ಎಂಬ ಹೆಸರು ಬೇರೆ.

"ಇನ್ನೊಂದು ಹೇಳಬೇಕಂದ್ರ," ಕಟ್ಟಿ ದನಿ ತಗ್ಗಿಸಿದರು, "ಹೋದ ವರ್ಷ ನಾ ಮೂವತ್ತು ವರ್ಷ ಕೂಡಿ ಬಾಳಿದವರನ್ನ ಅಳದು ನೋಡಿದೆ. ಛಲೋ ಇದ್ದ ಜೋಡಿಗಳು. ಹೆಚ್ಚಂದ್ರ ಹದಿನಾಕು ಅಂಕ ಬಂತು. ಹೆಂಡ್ತಿ ಒಳಗ ಬಂದ್ರ ಗಂಡನ ಎದಿ ಬಡಿತ ಇಳೀತದ್ರಿ, ಏರೂದಿಲ್ಲ."

"ಆ ವರದಿ ಎಲ್ಲದ?"

ಅವರು ಮೇಜಿನ ಡ್ರಾವರ್ ತೋರಿಸಿದರು. ನೀಲಗಂಗಾಗೆ ಆ ಮುದುಕರ ಮುಖಕ್ಕೆ ಉಗಿಯಬೇಕೆನ್ನಿಸಿತು. ಯಂತ್ರಕ್ಕೆ ಗೊತ್ತಿರಲಿಲ್ಲ, ಸರಿ. ಇವರಿಗೆ ಗೊತ್ತಿತ್ತು.

"4417 ನಿಲ್ಲಸ್ರಿ."

"ಅಂಕ ಮೂವತ್ತರ ಕೆಳಗ ಇಳೀಲಾರದ ಯಾವ ಕಥಿನೂ ನಿಲ್ಲಸಾಕ ಬರೂದಿಲ್ಲ. ನಿಯಮ ನಿಮಗೂ ಗೊತ್ತದ."

ಉಳಿದದ್ದು ಒಂದೇ ದಾರಿ. ವಿಜಯಪುರದಲ್ಲಿ ಕಸ್ತೂರಿಯ ಗೆಳತಿ ಇದ್ದಳು, ಅಲ್ಲಿನ ಕಣ್ಣಿನ ಆಸ್ಪತ್ರೆಯೊಂದರಲ್ಲಿ ಕೆಲಸವೂ ಸಿಕ್ಕಿತು. ಭಾನುವಾರ ಸಂಜೆ ನಾಲ್ಕೂವರೆಯ ಖಾಸಗಿ ಬಸ್ಸಿಗೆ ಮಹಾಂತೇಶ ಸೀಟು ಹಿಡಿದ. ಟಿಕೆಟ್ಟು ಕೈಪಟ್ಟಿಗೆ ಬಿದ್ದ ಕ್ಷಣವೇ ಕಾಕತಾಳದ ಗೋಡೆಯ ಮೇಲೆ ಅಕ್ಷರ ಮೂಡಿತು: '4417, ನಾಯಕಿ ಊರು ಬಿಡುತ್ತಿದ್ದಾಳೆ. ಓಟಕ್ಕೆ ಸಿದ್ಧರಾಗಿ.'

ನೀಲಗಂಗಾಗೆ ಆಗ ಹೊಳೆಯಿತು. ತಪ್ಪಿಸಿಕೊಂಡು ಓಡುವುದೂ ಸೂತ್ರದೊಳಗೇ ಇತ್ತು.

ಭಾನುವಾರ ರಜೆಯವರೂ ಬಂದು ಸೇರಿದ್ದರು. ವರ್ಷದ ದೊಡ್ಡ ಕಥೆ, ಯಾರಿಗೆ ಬೇಡ? ಧಾರವಾಡ ಪೇಢೆಯ ಡಬ್ಬಿಗಳು ಸಾಲಾಗಿ ಕೂತಿದ್ದವು. ಚಿದಾನಂದನ ಕಾರಿಗೆ ದಾರಿಯುದ್ದಕ್ಕೂ ಹಸಿರು ದೀಪ ಬೀಳುವಂತೆ ಮಾಡಿದ್ದರು. ಬಸ್ಸನ್ನು ಎಂಜಿನ್ ನೋಡುತ್ತಿದ್ದೇವೆ ಎಂಬ ನೆಪದಲ್ಲಿ ನಿಲ್ಲಿಸಿದ್ದರು. ನಿಲ್ದಾಣದಲ್ಲಿ ಚಪ್ಪಾಳೆ ತಟ್ಟಲು ಮೂವತ್ತು ಜನ, ಮಳೆ ಬಾರದಿದ್ದರೆ ಸುರಿಸಲು ನೀರಿನ ಟ್ಯಾಂಕರ್. ಕಥೆ ಮುಗಿಯುವವರೆಗೆ ಮುಖ ತೋರಿಸಬಾರದೆಂಬ ನಿಯಮವಿದ್ದದ್ದರಿಂದ ಗೋಡೆಯ ಮೇಲೆ ಅಂಕ ಮಾತ್ರ ಕಾಣುತ್ತಿತ್ತು. ನಿಲ್ದಾಣದ ಚಿತ್ರ ಬರುತ್ತಿದ್ದದ್ದು ಮೇಲ್ವಿಚಾರಕಿಯ ಪರದೆಗೆ ಒಂದಕ್ಕೇ.

ನೀಲಗಂಗಾ ಅದನ್ನು ನೋಡುತ್ತ ಕೂತಿದ್ದಳು. ಕಸ್ತೂರಿ ಕಿಟಕಿಯ ಪಕ್ಕ ಕೂತಿದ್ದಳು. ಹೊರಗೆ ಜನ ಸೇರುತ್ತಿರುವುದನ್ನು ಕಂಡು ಅವಳಿಗೆ ತಿಳಿಯಿತು. ಎದ್ದು ನಿಂತು, "ಬಸ್ ಬಿಡ್ರಿ! ಯಾಕ ನಿಲ್ಲಿಸೀರಿ?" ಎಂದು ಕೂಗಿದಳು. ಪ್ರಯಾಣಿಕರು ನಗುತ್ತ ಫೋನು ಹೊರತೆಗೆದರು. ಹಿಂದಿನ ಸೀಟಿನ ಮುದುಕಿಯೊಬ್ಬಳು ಅವಳ ಗದ್ದ ಹಿಡಿದು, "ಸಿಟ್ಟ ಮಾಡಬ್ಯಾಡ ಮಗಳ, ಅವನ ತಪ್ಪ ಹೊಟ್ಟ್ಯಾಗ ಹಾಕ್ಕೋ," ಎಂದಳು. ಕಸ್ತೂರಿ ಬಾಗಿಲಿಗೆ ಬಂದಳು, ಕಂಡಕ್ಟರ್ ಅಡ್ಡ ನಿಂತ. ಅವಳು ಚೀರಿದಳು. ಹೊರಗಿನವರು ಶಿಳ್ಳೆ ಹೊಡೆದರು. ಯಾರ ಮುಖದಲ್ಲೂ ಕೆಟ್ಟತನವಿರಲಿಲ್ಲ, ಎಲ್ಲರೂ ಹರಸುವವರೇ. ಅದನ್ನು ನೋಡಿ ನೀಲಗಂಗಾಗೆ ಮೈಯೆಲ್ಲ ಹುಳ ಹರಿದಂತಾಯಿತು.

ಗೋಡೆಯ ಮೇಲೆ ಅಂಕ ತೊಂಬತ್ತೇಳಾಯಿತು. ಕೇಕೆ ಎದ್ದಿತು. ಚಿದಾನಂದ ಇನ್ನು ಆರು ನಿಮಿಷದ ದೂರದಲ್ಲಿದ್ದಾನೆಂದು ನೀಲಗಂಗಾಳ ಪರದೆಯ ಚುಕ್ಕೆಯೊಂದು ಹೇಳುತ್ತಿತ್ತು.

ಕಾಕತಾಳದಲ್ಲಿ ಒಂದು ರೂಢಿಯಿತ್ತು. ಅಪ್ಪಿಕೊಂಡಾಗ ಪಟ್ಟಿಗಳು ಒತ್ತಿಹೋಗಿ ಸಿಗ್ನಲ್ ತಪ್ಪುತ್ತಿತ್ತು, ಹಾಗಾಗಿ ಅಪ್ಪಿಕೊಂಡರೋ ಇಲ್ಲವೋ ಎಂಬ ಕೊನೆಯ ಮಾತನ್ನು ಮನುಷ್ಯರ ಕಣ್ಣಿಗೆ ಬಿಟ್ಟಿದ್ದರು. ಮೇಲ್ವಿಚಾರಕಿ 'ಶುಭಂ' ಎಂದು ಒತ್ತಿದರೆ ಮುಗಿಯಿತು. ಕಡತ ಮುಚ್ಚುತ್ತದೆ, ಹುಡುಗಿ ಎಲ್ಲಿದ್ದಾಳೆಂದು ಗಿರಾಕಿಗೆ ತೋರಿಸುವುದೂ ನಿಲ್ಲುತ್ತದೆ. ಮದುವೆಯ ಆಚೆಗೆ ಏನಾಗುತ್ತದೆಂದು ಸಿನಿಮಾ ತೋರಿಸುವುದಿಲ್ಲ, ಯಂತ್ರವೂ ನೋಡುವುದಿಲ್ಲ.

"ಅಪ್ಪಿಕೊಂಡ್ರು," ಎಂದಳು ನೀಲಗಂಗಾ. ಒತ್ತಿದಳು.

ಗೋಡೆಯ ತುಂಬ ಹೂವು ಉದುರಿದವು. ಯಾರೋ ಗಂಟೆ ಬಾರಿಸಿದರು. ಶುಭಂ ಆದ ಮೇಲೆ ತೆರೆ ನೋಡುವವರು ಯಾರು, ಎಲ್ಲರೂ ಪೇಢೆಯ ಡಬ್ಬಿಯ ಕಡೆ ತಿರುಗಿದರು. ನೀಲಗಂಗಾಳ ಪರದೆಯಲ್ಲಿ ಮಾತ್ರ, ಕಥೆ ಮುಗಿಯಿತೆಂಬ ಸೂಚನೆ ಹೋದೊಡನೆ ಟ್ಯಾಂಕರ್ ಹಿಂದೆ ಸರಿಯಿತು, ಚಪ್ಪಾಳೆಯ ಮೂವತ್ತು ಜನ ಚದುರಿದರು. ಕಂಡಕ್ಟರ್ ಕೈಯಲ್ಲಿದ್ದ ಯಂತ್ರ ನೋಡಿ ಸೀಟಿ ಊದಿದ, ಬಸ್ಸು ಹೊರಟಿತು. ಎರಡು ತಿರುವಿನ ಆಚೆ ಚಿದಾನಂದನ ಮುಂದಿನ ದೀಪ ಕೆಂಪಾಯಿತು. ಎಲ್ಲರಂತೆ ಅವನೂ ಎಮ್ಮೆಗಳ ಹಿಂದೆ, ಟೆಂಪೋಗಳ ಹಿಂದೆ ನಿಂತ. ಅವನ ಫೋನಿಗೆ 'ಅಭಿನಂದನೆಗಳು, ನಿಮ್ಮ ಪ್ರೀತಿ ಗೆದ್ದಿದೆ' ಎಂದು ಬಂತು. ಮರುದಿನ ಬೆಳಿಗ್ಗೆಯೇ ಅವನು ಕಂಪನಿಗೆ ಬಂದು ಹಾರಾಡಿದ. ಅವರು ಅವನ ಪಟ್ಟಿ ನೋಡಿ, "ಎಂಬತ್ತೆಂಟು ಅದಾವ ಸರ್, ನೀವು ಭಾಳ ಸುಖವಾಗಿದ್ದೀರಿ," ಎಂದು ಕೈಕುಲುಕಿ ಕಳಿಸಿದರು. ಕಸ್ತೂರಿಗೆ ಠಾಣೆಯಲ್ಲಿ ಸಿಕ್ಕ ಮರ್ಯಾದೆಯೇ ಅವನಿಗೂ ಸಿಕ್ಕಿತು. ನೀಲಗಂಗಾ ವಾರದಲ್ಲಿ ಮೊದಲ ಸಲ ನಕ್ಕಳು.

ಆ ನಗು ಮಧ್ಯಾಹ್ನದವರೆಗೂ ಉಳಿಯಲಿಲ್ಲ. ಕಟ್ಟಿಯವರು ಮೇಜಿನ ಬಳಿ ಬಂದು, "ನಿಮ್ಮ 4417 ಈ ವರ್ಷದ ಮಾದರಿ ಕಥಿ ಆತ್ರಿ. ಯಂತ್ರ ಇನ್ನ ಮ್ಯಾಲ ಇದನ್ನ ನೋಡೇ ಉಳಿದದ್ದನ್ನ ನಡಸ್ತದ. ಸಾವಿರ ಸಿನಿಮಾಕ್ಕಿಂತ ಇದಕ್ಕ ತೂಕ ಹೆಚ್ಚು," ಎಂದರು.

ಅವಳು ಪರದೆ ತಿರುಗಿಸಿ ನೋಡಿದಳು. ಐದು ಊರುಗಳಲ್ಲಿ ಒಟ್ಟು ನಲವತ್ತಮೂರು ಕಥೆಗಳು ಆಗಲೇ ದಾರಿ ಬದಲಿಸಿದ್ದವು. ದಾವಣಗೆರೆಯಲ್ಲಿ ಒಬ್ಬ ದರ್ಜಿ ಹುಡುಗಿಯ ಮುಂದೆ ಬೇಕೆಂದೇ ಹರಿದ ಅಂಗಿ ಹಿಡಿದು ನಿಂತಿದ್ದ. ಗದಗಿನಲ್ಲಿ ಒಬ್ಬ ವಾಚು ಒಡೆದುಕೊಂಡಿದ್ದ. ಎಲ್ಲ ಸೂಚನೆಯಲ್ಲೂ ಒಂದೇ ಸಾಲು: 'ಹುಡುಗಿ ಬೇಡ ಎಂದರೆ ಹನ್ನೊಂದು ಸಲ ಮುಂದುವರಿಸಿ. ಕೈ ಹಿಡಿಯಿರಿ. ವಾಂತಿ ಒಳ್ಳೆಯ ಲಕ್ಷಣ.'

ನೀಲಗಂಗಾ ಓಡಿಹೋಗಿ ಕೈ ತೊಳೆಯುವ ತೊಟ್ಟಿಯಲ್ಲಿ ತಿಂದದ್ದನ್ನೆಲ್ಲ ಕಕ್ಕಿದಳು. ತಂಗಿಯನ್ನು ಉಳಿಸಲು ಹೇಳಿದ ಸುಳ್ಳು ಪಾಠವಾಗಿ ಕೂತಿತ್ತು. ಬಾಯಿ ತೊಳೆದುಕೊಂಡು ಅಲ್ಲಿಂದಲೇ ಕಸ್ತೂರಿಗೆ ಫೋನು ಹಚ್ಚಿ ಎಲ್ಲ ಹೇಳಿದಳು.

"ಮುಚ್ಚಿದ ನನ್ನ ಕಡತ ಮತ್ತ ತಗದ್ರ ಏನಾಗ್ತೈತಿ?"

"ತಿದ್ದಾಕ ಬರ್ತೈತಿ. ಆದ್ರ ನೀ ಎಲ್ಲಿದ್ದಿ ಅಂತ ಅವಗ ಮತ್ತ ಕಾಣ್ತೈತಿ."

ತಂಗಿ ಬೇಡ ಎನ್ನಲಿ ಎಂದು ನೀಲಗಂಗಾ ಮನಸ್ಸಿನಲ್ಲೇ ಬೇಡಿಕೊಂಡಳು, ಹಾಗೆ ಬೇಡಿಕೊಂಡಿದ್ದಕ್ಕೆ ನಾಚಿದಳು.

"ಎಷ್ಟ ಮಂದಿ ಅಂದಿ?"

"ನಲವತ್ತಮೂರು."

"ಮಾಮಾನ್ನ ಕಳಸು. ಅವರು ಬಂದ ಮ್ಯಾಲ ತಗೀ."

ಮಹಾಂತೇಶ ಅರ್ಧ ದಿನದ ರಜೆ ಹಾಕಿ, ಯಾಕೆ ಎಂದೂ ಕೇಳದೆ ಒಂದೂವರೆಯ ಬಸ್ಸು ಹತ್ತಿದ. ಆರು ಗಂಟೆಗೆ 'ವಿಜಯಪುರ ಮುಟ್ಟಿದೆ' ಎಂದು ತಿಳಿಸಿದ. ನೀಲಗಂಗಾ ಕಟ್ಟಿಯವರನ್ನು ತನ್ನ ಕುರ್ಚಿಯಲ್ಲಿ ಕೂರಿಸಿ ಬಸ್ಸಿನ ಚಿತ್ರವನ್ನು ಮೊದಲಿನಿಂದ ಹಾಕಿದಳು. ಚೀರುವ ಸದ್ದನ್ನು ಕಡಿಮೆ ಮಾಡಲಿಲ್ಲ.

"ಈಕಿ ನನ್ನ ತಂಗಿ ಸರ್. ಯಾರೂ ಅಪ್ಪಿಕೊಂಡಿಲ್ಲ. ನಾ ಸುಳ್ಳ ಹೇಳೇನಿ."

ಮುದುಕರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅದೂ ಅವಳಿಗೆ ಹಿಡಿಸಲಿಲ್ಲ. "ಅಳಬ್ಯಾಡ್ರಿ," ಎಂದಳು, "ಕಡತ ತಿದ್ದರಿ."

ಕಡತದಲ್ಲಿ ಅಂತ್ಯ ಎಂಬ ಜಾಗದಲ್ಲಿ ಎರಡೇ ಆಯ್ಕೆಗಳಿದ್ದವು: ಶುಭಂ, ಮುಂದುವರಿದಿದೆ. ಕಟ್ಟಿ ಮೂರನೆಯದನ್ನು ಬರೆದರು: 'ಹುಡುಗಿ ಒಪ್ಪಲಿಲ್ಲ. ಇದು ಅಂಜಿಕೆ.' ಡ್ರಾವರಿನ ವರದಿಯನ್ನೂ ತಂದು ಸೇರಿಸಿದರು. ಯಂತ್ರ ಹತ್ತು ನಿಮಿಷ ತೆಗೆದುಕೊಂಡಿತು. ಆಮೇಲೆ ನಲವತ್ತಮೂರು ಅಂಕಗಳು ಒಂದೊಂದಾಗಿ ಇಳಿಯತೊಡಗಿದವು. ಕೋಣೆಯವರು ಏನೋ ಕೆಟ್ಟಿದೆ ಎಂದು ಕೂಗಾಡಿದರು. ಮೂವತ್ತೆಂಟು ಕಥೆಗಳು ನಿಂತವು. ಐದು ನಿಲ್ಲಲಿಲ್ಲ. ಅವು ನಿಜದ್ದಿರಬಹುದು, ಪಾಪ.

ಅತ್ತ ಕಡತ ತೆರೆದೊಡನೆ ಚಿದಾನಂದನಿಗೆ ಕಸ್ತೂರಿಯ ಠಿಕಾಣಿ ಸಿಕ್ಕು, ಅವನ ಕಾರು ಹುಬ್ಬಳ್ಳಿ ದಾಟಿತ್ತು. ಅವನ ಚುಕ್ಕೆ ವಿಜಯಪುರದ ರಸ್ತೆಯಲ್ಲಿ ಸರಿಯುತ್ತಿರುವುದು ನೀಲಗಂಗಾಗೆ ಕಾಣುತ್ತಿತ್ತು. ಕಸ್ತೂರಿಯ ಫೋನು ಬಂದಾಗ ಅವಳು ಮಹಾಂತೇಶನ ಜೊತೆ ವಿಜಯಪುರದ ಠಾಣೆಯಲ್ಲಿದ್ದಳು. ಮಾತಾಡದೆ ಫೋನನ್ನು ಮೇಜಿನ ಮೇಲೆ ತೆರೆದಿಟ್ಟಿದ್ದಳು, ಅಕ್ಕ ಕೇಳಲಿ ಎಂದು.

ಪೊಲೀಸಿನವನ ದನಿ ಕೇಳಿಸಿತು. "ಪಟ್ಟಿ ಕೆಂಪಗ ಬಂದೈತಿ, ಅಂಜಿಕಿ ಅಂತ ತೋರಸಾಕತ್ತೈತಿ. ಬರಕೋಳಾಕ ಬೇಕು, ಬರಕೊಳ್ತೇನಿ. ಆದ್ರೂ ಕೇಳ್ತೇನಿ ತಂಗೀ, ಹುಡುಗ ಛಲೋ ಅದಾನ, ಮನಿತನ ಛಲೋ ಐತಿ, ನಿನ್ನ ಮ್ಯಾಲ ಇಷ್ಟ ಜೀವ ಇಟ್ಟಾನ. ಯಾಕ ಬ್ಯಾಡ?"

ನೀಲಗಂಗಾ ಹಲ್ಲು ಕಚ್ಚಿದಳು. ಯಂತ್ರವನ್ನು ತಿದ್ದಲು ಹತ್ತು ನಿಮಿಷ ಸಾಕಾಗಿತ್ತು.

ಕುರ್ಚಿ ಎಳೆದ ಸದ್ದು ಬಂತು. ಕಸ್ತೂರಿಯ ದನಿ ನಡುಗುತ್ತಿತ್ತು, ಆದರೆ ನಿಲ್ಲಲಿಲ್ಲ.

"ನನಗ ಬ್ಯಾಡ್ರಿ, ಅದಕ್ಕ ಬ್ಯಾಡ. ಅಷ್ಟ ಬರೀರಿ. ಬರದ ಮ್ಯಾಲ ನನಗ ಓದಿ ಹೇಳ್ರಿ."